ಚಂದನಾ ಹೈಸ್ಕೂಲಿಗೆ ಹೋದದ್ದು

ಶನಿವಾರಸಂತೆಯಿಂದ ಕೊಡ್ಲಿಪೇಟೆ ಕಡೆಗೆ ಹೋಗುವ ದಾರಿಯ ಒಂದು ಸಣ್ಣ ಊರು. ಅಲ್ಲಿನ ಪ್ರಾಥಮಿಕ ಶಾಲೆಯ ಎದುರಿಗೇ ನಿರಂಜನನ ದಿನಸಿ ಅಂಗಡಿ. ಊಟದ ಗಂಟೆ ಹೊಡೆದರೆ ಸಾಕು, ಎಷ್ಟೇ ವ್ಯಾಪಾರವಿರಲಿ, ಅವನು ತಕ್ಕಡಿ ಬಿಟ್ಟು ಶಾಲೆಗೆ ಓಡುತ್ತಿದ್ದ. ಮಗಳು ಚಂದನಾಳ ಬೆರಳು ಚುಚ್ಚಿ, ರಕ್ತದಲ್ಲಿ ಸಕ್ಕರೆ ಎಷ್ಟಿದೆಯೆಂದು ನೋಡಿ, ಇನ್ಸುಲಿನ್ ಕೊಟ್ಟು, ಅವಳು ಬಿಸಿಯೂಟಕ್ಕೆ ಕುಳಿತ ಮೇಲೆಯೇ ವಾಪಸು. ಅವಳು ಮೂರನೇ ಕ್ಲಾಸಿನಲ್ಲಿದ್ದಾಗ ಸಕ್ಕರೆ ಕಾಯಿಲೆಯೆಂದು ಗೊತ್ತಾದಂದಿನಿಂದ ಇದು ತಪ್ಪಿದ್ದಿಲ್ಲ. ತಾಯಿ ಕಾವ್ಯಶ್ರೀಗೆ ಸೂಜಿ ಕಂಡರೇ ತಲೆ ಸುತ್ತುತ್ತಿತ್ತು. ಹಾಗಾಗಿ ಆ ಕೆಲಸ ಪೂರ್ತಿ ಅಪ್ಪನದು. ಊರಿನವರೂ ಅದಕ್ಕೆ ಒಗ್ಗಿಹೋಗಿದ್ದರು. ಅವನು ಬರುವ ತನಕ ಗಿರಾಕಿಗಳು ತಾವೇ ಬೆಲ್ಲ ತೂಗಿಕೊಳ್ಳುತ್ತಿದ್ದರು.

ಏಳನೇ ಕ್ಲಾಸು ಮುಗಿಯಿತು. ಊರಿನ ಶಾಲೆ ಅಲ್ಲಿಗೇ ಕೊನೆ. ಹೈಸ್ಕೂಲಿಗೆ ಬಸ್ಸು ಹತ್ತಿ ಪೇಟೆಗೆ ಹೋಗಬೇಕು. ಆ ಬೇಸಿಗೆಯಲ್ಲಿ ಮಡಿಕೇರಿಗೆ ತಪಾಸಣೆಗೆ ಹೋದಾಗ ಡಾಕ್ಟರ್ ಯಮುನ, "ಇನ್ನು ಮಧ್ಯಾಹ್ನದ ಇಂಜೆಕ್ಷನ್ನಿಗೆ ಏನು ಮಾಡ್ತೀರಿ?" ಎಂದು ಕೇಳಿದರು.

"ಬೈಕಲ್ಲಿ ಹೋಗಿ ಬರ್ತೀನಿ ಮೇಡಂ. ಅದೇನ್ ಮಹಾ ದೂರ?" ಎಂದ ನಿರಂಜನ.

ಡಾಕ್ಟರು ಅವನನ್ನು ಬಿಟ್ಟು ಹುಡುಗಿಯ ಕಡೆ ತಿರುಗಿದರು. "ಬೆಳಿಗ್ಗೆ ಎಷ್ಟು ಇನ್ಸುಲಿನ್ ತಗೋತೀಯಮ್ಮ?"

ಚಂದನಾ ಅಪ್ಪನ ಮುಖ ನೋಡಿದಳು. ಅವಳಿಗೆ ಗೊತ್ತಿರಲಿಲ್ಲ. ನಿರಂಜನನಿಗೆ ಆಗ ಹೊಳೆಯಿತು. ಕಾಯಿಲೆ ಮಗಳದು, ತಿಳಿವಳಿಕೆಯೆಲ್ಲ ತನ್ನದು! ನಾಳೆ ತಾನು ಜ್ವರ ಬಂದು ಮಲಗಿದರೆ ಇವಳ ಗತಿಯೇನು?

ವಾಪಸು ಬರುವಾಗ ಬಸ್ಸಿನಲ್ಲಿ ಅವಳೇ ಮಾತು ತೆಗೆದಳು. "ಅಪ್ಪ, ಹೈಸ್ಕೂಲಿಗೆ ನೀ ಬರಬ್ಯಾಡ."

"ಯಾಕೆ ಮಗಾ?"

"ಎಲ್ರೂ ನನ್ನೇ ನೋಡ್ತಾರೆ. ನಂಗೆ ಕಲಿಸ್ಕೊಡು, ನಾನೇ ಹಾಕ್ಕೋತೀನಿ."

ಕಲಿಸುವುದು ಕಷ್ಟವಾಗಲಿಲ್ಲ, ಸುಮ್ಮನಿರುವುದು ಕಷ್ಟವಾಯಿತು. ಅವಳು ಪೆನ್ನಿನಂಥ ಆ ಸೂಜಿಯನ್ನು ಹೊಟ್ಟೆಯ ಹತ್ತಿರ ತಂದು ತಡವರಿಸಿದರೆ ಸಾಕು, ಇವನ ಕೈ ತಾನಾಗಿ ಮುಂದೆ ಹೋಗುತ್ತಿತ್ತು. "ಕೈ ಹಿಂದೆ ಕಟ್ಕೊಂಡು ನಿಂತ್ಕೊ ಅಪ್ಪ!" ಎಂದು ಅವಳು ಗದರುತ್ತಿದ್ದಳು. ಒಂದು ದಿನ ಅಳುತ್ತ ಪೆನ್ನನ್ನೇ ಬಿಸಾಕಿದಳು. ಇನ್ನೊಂದು ದಿನ ಮಾವಿನಹಣ್ಣು ತಿಂದದ್ದನ್ನು ಲೆಕ್ಕಕ್ಕೆ ಹಿಡಿಯದೆ ಸಕ್ಕರೆ ಏರಿಸಿಕೊಂಡಳು. ಅವನು ಗಾಬರಿಯಿಂದ ಫೋನು ಮಾಡಿದರೆ ಡಾಕ್ಟರು, ಏನು ಮಾಡಬೇಕೆಂದು ಹೇಳಿಕೊಟ್ಟು, "ತಪ್ಪನ್ನೆಲ್ಲ ನಿಮ್ಮ ಕಣ್ಣೆದುರೇ ಮಾಡಿ ಮುಗಿಸ್ಲಿ, ಒಳ್ಳೇದೇ ಆಯ್ತು" ಎಂದರು. ಶಾಲೆ ಶುರುವಾಗುವ ಹೊತ್ತಿಗೆ ಅಕ್ಕಿರೊಟ್ಟಿ ತಟ್ಟೆಗೆ ಬೀಳುವ ಮೊದಲೇ, ಅದಕ್ಕೆ ಎಷ್ಟು ಇನ್ಸುಲಿನ್ ಬೇಕೆಂಬ ಅವಳ ಲೆಕ್ಕ ಮುಗಿದಿರುತ್ತಿತ್ತು.

ಅಜ್ಜಿ ಚನ್ನಬಸಮ್ಮನಿಗೆ ಬೇರೆಯದೇ ಚಿಂತೆ. "ಹೊಸ ಶಾಲೇಲಿ ಯಾರ ಹತ್ರನೂ ಬಾಯಿ ಬಿಡಬ್ಯಾಡ ಕಣವ್ವ. ಹೆಣ್ಣು ಮಗು. ನಾಳೆ ಒಂದು ಸಂಬಂಧ ಬರೋ ಹೊತ್ತಿಗೆ..."

"ಅಜ್ಜಿ, ನಾನು ಕ್ಲಾಸಲ್ಲಿ ತಲೆ ತಿರುಗಿ ಬಿದ್ರೆ, ಏನಾಗೈತೆ ಅಂತ ಅವ್ರಿಗೆ ಹೆಂಗೆ ಗೊತ್ತಾಗ್ಬೇಕು? ಸಂಬಂಧದ ವಿಷ್ಯ ಆಮೇಲೆ ನೋಡನ."



ಸೇರಿಸುವ ದಿನ ನಿರಂಜನ ಜೊತೆಗೆ ಹೋದ. ಮಾತಾಡುವುದು ಮಾತ್ರ ತಾನೇ ಎಂದು ಚಂದನಾ ಮೊದಲೇ ಕರಾರು ಹಾಕಿದ್ದಳು. ಮುಖ್ಯೋಪಾಧ್ಯಾಯಿನಿ ಪ್ರತಿ ಪ್ರಶ್ನೆಯನ್ನೂ ಅವನಿಗೇ ಕೇಳಿದರು. ಅವನು ಪ್ರತಿ ಸಲವೂ ತುಟಿ ಕಚ್ಚಿಕೊಂಡು ಮಗಳ ಕಡೆ ನೋಡಿದ.

"ಆಟಕ್ಕೆ ಬಿಡೋದು ಬೇಡ ಅಲ್ವಾ ಇವಳನ್ನ?"

"ಬಿಡಬೇಕು ಮಿಸ್," ಎಂದಳು ಚಂದನಾ. ಸ್ವರ ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ. "ಆಡೋಕೆ ಮುಂಚೆ ಸಕ್ಕರೆ ನೋಡ್ಕೋತೀನಿ. ಕೈ ನಡುಗಿ ಬೆವರು ಬಂದ್ರೆ ಸಕ್ಕರೆ ಇಳೀತಿದೆ ಅಂತ ಅರ್ಥ. ಆಗ ಗ್ಲೂಕೋಸ್ ತಿಂದು ಕೂತ್ಕೋಬೇಕು. ಕ್ಲಾಸಲ್ಲಿ ಪಾಠ ನಡೀತಿದ್ರೂ ತಿನ್ನೋಕೆ ಬಿಡ್ಬೇಕು. ನಾನು ಎಚ್ಚರ ತಪ್ಪಿದ್ರೆ ಬಾಯಿಗೆ ಏನೂ ಹಾಕ್ಬಾರ್ದು, ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಇದನ್ನ ನಾನೇ ಕ್ಲಾಸಿಗೂ ಹೇಳ್ಲಾ ಮಿಸ್?"

ಮುಖ್ಯೋಪಾಧ್ಯಾಯಿನಿ ಕನ್ನಡಕ ತೆಗೆದು ಅವಳನ್ನು ಸರಿಯಾಗಿ ನೋಡಿದರು. "ಹೇಳಮ್ಮ. ಮೊದಲು ಸ್ಟಾಫ್ ರೂಮಿಗೆ ಬಾ, ಮೇಷ್ಟ್ರುಗಳಿಗೆಲ್ಲ ಹೇಳು."

ಆದರೂ ನಿರಂಜನನ ಭಯ ಪೂರ್ತಿ ಹೋಗಿರಲಿಲ್ಲ. ಆಗಸ್ಟಿನ ಒಂದು ಸಂಜೆ ಬಸ್ಸು ಬರುವ ಹೊತ್ತಾದರೂ ಬರಲಿಲ್ಲ. ಮಗಳ ಫೋನು ಸಿಗುತ್ತಿಲ್ಲ. ಆ ತಿರುವುಗಳಲ್ಲಿ ನೆಟ್‌ವರ್ಕೇ ಇಲ್ಲ. ಇವತ್ತು ಖೋಖೋ ಅಭ್ಯಾಸವಿದೆ ಎಂದಿದ್ದಳು. ಓಡಿದ ಮೇಲೆ ಸಕ್ಕರೆ ಇಳಿಯುತ್ತದೆ. ಅವನು ಬೈಕು ಹತ್ತಿ ಹೊರಟೇಬಿಟ್ಟ.

ಸ್ವಲ್ಪ ದೂರದಲ್ಲೇ ಜೀಪು, ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಕಾಫಿ ತೋಟದಿಂದ ಇಳಿದ ಆನೆಗಳು ರಸ್ತೆಯಲ್ಲಿದ್ದವು. ಅರಣ್ಯ ಇಲಾಖೆಯವರು ಯಾರನ್ನೂ ಮುಂದೆ ಬಿಡುತ್ತಿರಲಿಲ್ಲ. ಅತ್ತ ಕಡೆಯ ಏರಿನಲ್ಲಿ ಮಗಳ ಬಸ್ಸಿನ ದೀಪ ಕಾಣುತ್ತಿತ್ತು.

"ಸಾರ್, ನನ್ ಮಗಳಿದಾಳೆ ಅದ್ರಲ್ಲಿ. ಹುಷಾರಿಲ್ಲದ ಮಗು ಸಾರ್."

"ಆನೆ ದಾಟ್ಲಿ, ಬಿಡ್ತೀವಿ. ಈಗ ಹೋದ್ರೆ ನೀವೂ ಇಲ್ಲ."

ಕಾಲಿಗೆ ಕಟ್ಟು ಹಾಕಿದಂತಾಯಿತು. ಸೂಜಿ ಹಿಡಿದು ಓಡುವುದು ಅವನಿಗೆ ಗೊತ್ತಿತ್ತು, ಕಾಯುವುದು ಗೊತ್ತಿರಲಿಲ್ಲ. ಅವಳಿಗೆ ಎಲ್ಲ ಗೊತ್ತು, ಎಲ್ಲ ಗೊತ್ತು ಎಂದು ತನಗೆ ತಾನೇ ಹೇಳಿಕೊಳ್ಳುತ್ತ ನಿಂತ.

ಇಲಾಖೆಯವರು ಸಿಡಿಸಿದ ಪಟಾಕಿ ಸದ್ದಿಗೆ ಆನೆಗಳು ತೋಟಕ್ಕೆ ಹತ್ತಿದವು. ಬಸ್ಸು ಇಳಿದು ಬರುತ್ತಲೇ ನಿರಂಜನ ಅಡ್ಡ ನಿಂತ. ಮೊದಲು ಇಳಿದವನು ಕಂಡಕ್ಟರ್ ಕುಶಾಲಪ್ಪ.

"ಎಂಥ ಮಗಳು ಮಾರಾಯ್ರೆ ನಿಮ್ದು! ಬಸ್ಸು ನಿಂತ ಮೇಲೆ ನನ್ನ ಕರ್ದು, 'ಅಣ್ಣ, ನಂಗೆ ಸಕ್ಕರೆ ಇಳೀತಿದೆ, ಗ್ಲೂಕೋಸ್ ತಿಂತಿದೀನಿ, ಸ್ವಲ್ಪ ಹೊತ್ತು ನನ್ನ ಕಡೆ ನೋಡ್ತಿರಿ' ಅಂದ್ಲು. ನನ್ನ ಕೈಕಾಲೇ ತಣ್ಣಗಾಯ್ತು. 'ಗಾಬರಿ ಬೇಡ ಅಣ್ಣ' ಅಂತ ಅವಳೇ ನಂಗೆ ಧೈರ್ಯ ಹೇಳೋದಾ! ಆಮೇಲೆ ಇನ್ನೊಂದ್ಸಲ ಬೆರಳು ಚುಚ್ಚಿ ನೋಡ್ಕೊಂಡು, ಸರಿಯಾಯ್ತು ಅಂತ ಬಿಸ್ಕತ್ತು ತಿಂದ್ಲು."

ಹಿಂದೆಯೇ ಚಂದನಾ ಜಿಗಿದು ಇಳಿದಳು. ಕಣ್ಣು ಅರಳಿಸಿಕೊಂಡು, "ಅಪ್ಪ! ಮರಿ ಇತ್ತು ಅಪ್ಪ! ಇಷ್ಟೇ ಇಷ್ಟು! ನಮ್ ಬಸ್ಸಿನ ಮುಂದೇನೇ ನಿಂತಿತ್ತು!"

"ಸಕ್ಕರೆ ಎಷ್ಟಿತ್ತು ಮಗಾ?"

"ಅರವತ್ತೆರಡಿತ್ತು, ಈಗ ನೂರ ಹತ್ತು. ಸರಿ ಆಯ್ತು ಬಿಡು. ಆ ಮರಿ, ಅಪ್ಪ, ಅಮ್ಮನ ಹೊಟ್ಟೆ ಕೆಳಗೆ ತೂರ್ಕೊಂಡು ತೂರ್ಕೊಂಡು..."

ನಿರಂಜನ ಅವಳನ್ನೇ ನೋಡಿದ. ತನ್ನ ಮಗಳು ಸಕ್ಕರೆ ಇಳಿದದ್ದನ್ನು ಮಳೆ ಬಂತು ಅನ್ನುವಷ್ಟು ಸಲೀಸಾಗಿ ಹೇಳಿ ಮುಗಿಸಿದ್ದಳು! ಸುತ್ತ ನಿಂತ ಲಾರಿಯವರಿಗೆಲ್ಲ ಕೂಗಿ ಹೇಳಬೇಕೆನಿಸಿತು, ಇವಳು ನನ್ನ ಮಗಳು ಎಂದು. ಅವಳು ಆಗಲೇ ಬೈಕಿನ ಹಿಂದೆ ಹತ್ತಿ ಕುಳಿತಿದ್ದಳು.

ನಿರಂಜನ ಕಣ್ಣೊರೆಸಿಕೊಂಡು ಗಾಡಿ ಸ್ಟಾರ್ಟು ಮಾಡಿದ.

"ಆಮೇಲೆ ಮರಿ ಏನ್ ಮಾಡ್ತು, ಹೇಳು," ಎಂದ.