ಸ್ಟೇರಿಂಗಿಗೆ ಕಟ್ಟಿದ ಚಿಂದಿ

“ಎದ್ದೇಳೇ ಮುಂಡೆ! ವಿಮಾನದ್ ಸೀಟೇನು ನಿಮ್ಮಪ್ಪ ಕಟ್ಸಿದ್ ಜಗಲೀನಾ?”

ಬೈದವನು ನಮ್ಮ ಕಂಟ್ರಾಕ್ಟರ್ ಚಂದ್ರಮೋಹನ್. ಬೈಸಿಕೊಂಡವಳು ನಾನು, ಶ್ಯಾಮಲಮ್ಮ. ನಾನು ಕೂತಿರಲಿಲ್ಲ, ಬಿದ್ದಿದ್ದೆ. ಒರೆಸುತ್ತಿದ್ದ ಸೀಟಿನ ಬೆನ್ನು ಹಿಂದಕ್ಕೆ ಕಳಚಿಕೊಂಡು, ಅದರ ಜೊತೆ ನಾನೂ ಕಾಲು ಮೇಲೆ ಮಾಡಿ ಮಲಗಿಬಿಟ್ಟಿದ್ದೆ. ವಿಮಾನ ಹತ್ತುವ ಯೋಗ ನಮಗಿರುವುದು ಹೀಗೆ. ಅದು ರಿಪೇರಿಗೆಂದು ಶೆಡ್ಡಿನಲ್ಲಿ ನಿಂತಾಗ ಹತ್ತಬೇಕು, ಕಕ್ಕಸು ತೊಳೆಯಬೇಕು, ಸೀಟು ಒರೆಸಿ ಇಳಿಯಬೇಕು.

“ಮುರ್ದಾಕ್ಬಿಟ್ಳು ನೋಡಿ ಮೇಡಂ, ದರಿದ್ರದೋಳು,” ಎಂದು ಅವನು ಇಂಜಿನಿಯರ್ ಅನಿತ ಅವರಿಗೆ ಚಾಡಿ ಹೇಳಿದ.

ಅವರು ಬಗ್ಗಿ ನೋಡಿದರು. “ಇದು ಮೊದಲೇ ಕೆಟ್ಟಿತ್ತು,” ಎಂದು ಸೀಟಿಗೊಂದು ಕೆಂಪು ಪಟ್ಟಿ ಕಟ್ಟಿದರು. ಹೊಸ ಸಾಮಾನು ಬರುವವರೆಗೆ ಇದರಲ್ಲಿ ಯಾರೂ ಕೂರುವಂತಿಲ್ಲ, ಗಡುವಿನೊಳಗೆ ಸರಿಮಾಡದಿದ್ದರೆ ವಿಮಾನವೇ ಹಾರುವಂತಿಲ್ಲ ಎಂದರು. ಚಂದ್ರಮೋಹನ್ ತನ್ನ ದೊಡ್ಡಸ್ತಿಕೆ ತೋರಿಸಲು ಪಟ್ಟಿಯನ್ನು ಹಿಡಿದು ಎಳೆದು ನೋಡಿದ.

“ಮುಟ್ಬೇಡ್ರೀ! ಸರಿಮಾಡಿ ಸೈನ್ ಹಾಕೋವರೆಗೂ ಅದನ್ನ ಯಾರೂ ಬಿಚ್ಚೋ ಹಾಗಿಲ್ಲ.”

ಅವನು ಕೈ ಹಿಂದಕ್ಕೆಳೆದುಕೊಂಡ. ಮುಟ್ಟಬೇಡ ಅನ್ನುವ ಮಾತನ್ನು ಅವನ ಮನೆತನದ ಬಾಯಿಂದ ನಮ್ಮ ಕೇರಿ ತಲೆತಲಾಂತರದಿಂದ ಕೇಳಿದೆ. ಆ ಮನೆತನದವನ ಕಿವಿಗೆ ಅದು ಬಿದ್ದದ್ದು ಅವತ್ತೇ ಮೊದಲಿರಬೇಕು. ನನ್ನ ಹೊಟ್ಟೆ ತಣ್ಣಗಾಯಿತು.

ಲಕ್ಕೂರಿನ ಪಕ್ಕದ ನಮ್ಮ ಕೇರಿಯಿಂದ ಏರ್‌ಪೋರ್ಟಿಗೆ ನಮ್ಮನ್ನು ಸಾಗಿಸುವ ವ್ಯಾನು ಚಂದ್ರಮೋಹನನದೇ. ಅದರ ಬ್ರೇಕಿನ ಕಥೆ ಕೇಳಿ. ಡ್ರೈವರ್ ಕದಿರೇಶ ನಮ್ಮ ಕೇರಿಯವನೇ. ಬ್ರೇಕು ಹಿಡಿಯುತ್ತಿಲ್ಲ ಎಂದು ಯುಗಾದಿಗೆ ಮುಂಚೆಯೇ ಹೇಳಿದ್ದ. “ಉಗಾದಿ ಕಳೀಲಿ, ನೋಡಾಣ” ಅಂದ ಚಂದ್ರಮೋಹನ್. ಉಗಾದಿ ಕಳೆಯಿತು. ಗೌರಿ ಹಬ್ಬ ಕಳೀಲಿ ಅಂದ. ಅದೂ ಕಳೆಯಿತು. ಪಿತೃಪಕ್ಷದಲ್ಲಿ ಕಬ್ಬಿಣದ ಸಾಮಾನು ತರಬಾರದು ಅಂದ. ನಮ್ಮನ್ನೂ ಪಿತೃಗಳ ಜೊತೆ ಸೇರಿಸಲು ಹೊರಟಿದ್ದ ಪುಣ್ಯಾತ್ಮ. ಆಮೇಲೊಂದು ದಿನ ಕೆರೆ ಏರಿಯ ತಿರುವಿನಲ್ಲಿ ವ್ಯಾನು ನಿಲ್ಲಲೇ ಇಲ್ಲ. ಕದಿರೇಶ ಅದನ್ನು ಹುಣಸೆಮರಕ್ಕೆ ಗುದ್ದಿಸಿ ನಿಲ್ಲಿಸಿದ. ಮರ ಇಲ್ಲದಿದ್ದರೆ ಒಳಗಿದ್ದ ಹೆಂಗಸರೆಲ್ಲ ಕೆರೆಯ ಪಾಲು. ನನ್ನ ಸೊಸೆ ಚಂದನ ಬಸುರಿ. ಅವತ್ತು ಮುಂದಿನ ಕಂಬಿಗೆ ಹೊಟ್ಟೆ ತಾಗಿ ಅವಳು ಕಿರುಚಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಆಯುಧಪೂಜೆಯ ಬೆಳಗ್ಗೆ ಬ್ರೇಕು ಬಿಟ್ಟು ಉಳಿದಿದ್ದೆಲ್ಲ ಬಂತು. ಬಾಳೆಕಂದು, ಚೆಂಡುಹೂವು, ಮುಳಬಾಗಿಲಿನಿಂದ ಪುರೋಹಿತ ಸುಬ್ರಹ್ಮಣ್ಯ. ಆ ಐನೋರು ಗಾಜಿಗೆ ವಿಭೂತಿ ಬಳಿದು, ಕುಂಬಳಕಾಯಿ ಒಡೆಸಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಡಿಸಿದರು. ನಾವು ದೂರ ನಿಂತಿದ್ದೆವು, ಹತ್ತಿರ ಬಂದರೆ ಮಡಿ ಕೆಡುತ್ತದಂತೆ. ಆಮೇಲೆ ಅದೇ ವ್ಯಾನಿನಲ್ಲಿ ನಾವು ಕುಂಡಿ ಊರಿ ಕೂತರೆ ಮಾತ್ರ ಏನೂ ಕೆಡುವುದಿಲ್ಲ!

ನಮ್ಮ ಗೇಟ್ ಪಾಸುಗಳು ಚಂದ್ರಮೋಹನನ ಹತ್ತಿರವೇ ಇರುತ್ತವೆ. ಬೆಳಗ್ಗೆ ನೆಲಕ್ಕೆ ಎಸೆಯುತ್ತಾನೆ, ಕೈಗೆ ಕೊಟ್ಟರೆ ಬೆರಳು ತಾಗೀತು ಎಂದು. ಅವತ್ತೂ ಎಸೆದ. ಪಾಸುಗಳು ಕುಂಬಳಕಾಯಿಯ ರೊಚ್ಚೆಯಲ್ಲಿ ಬಿದ್ದವು.

“ಆರಿಸ್ಕೊಂಡು ಹತ್ರಿ.”

“ಸಾರ್, ಬ್ರೇಕ್ ಒತ್ತಿದ್ರೆ ಪೆಡಲ್ಲು ನೆಲಕ್ಕೇ ಕೂತ್ಕೋತದೆ,” ಎಂದ ಕದಿರೇಶ.

“ಪೂಜೆ ಆಗ್ಲಿಲ್ವೇನೋ ಬೋಳಿಮಗ್ನೆ? ದೇವ್ರು ನೋಡ್ಕೋತಾನೆ. ದೀಪಾವಳಿ ಕಳೀಲಿ, ಮಾಡ್ಸಾಣ.”

“ದೇವ್ರತ್ರ ಲೈಸೆನ್ಸ್ ಐತಾ ಸಾರ್?” ನನ್ನ ಬಾಯಿ ಸುಮ್ಮನಿರಲಿಲ್ಲ.

“ಮುಚ್ಚೇ ಬಾಯಿ! ಯಾವಳು ಹತ್ತಲ್ವೋ ಅವಳ್ ಪಾಸು ಹರ್ದಾಕ್ತೀನಿ. ನಿನ್ ಸೊಸೇದೇ ಮೊದ್ಲು.”

ಚಂದನ ಹೊಟ್ಟೆ ಹಿಡಿದುಕೊಂಡು ವ್ಯಾನಿನ ಮೆಟ್ಟಿಲ ಮೇಲೆ ಕಾಲಿಟ್ಟಳು. ಅವಳ ರಟ್ಟೆ ಹಿಡಿದು ಕೆಳಗಿಳಿಸಿದೆ. ಅಲ್ಲೇ ನಿಂತು, ಸೀರೆ ಮೊಣಕಾಲಿಗೆತ್ತಿ, ಒಳಗಿನ ಕೆಂಪು ಲಂಗದ ಅಂಚನ್ನು ಪರ್ರನೆ ಹರಿದೆ. ಐನೋರು “ಶಿವ ಶಿವಾ” ಎಂದು ಕಣ್ಣು ಮುಚ್ಚಿಕೊಂಡರು, ಒಂದನ್ನು ಮಾತ್ರ. ಡ್ರೈವರ್ ಕಡೆಯ ಬಾಗಿಲು ತೆಗೆದು ಆ ಚಿಂದಿಯನ್ನು ಸ್ಟೇರಿಂಗಿಗೆ ಸುತ್ತಿ, ಬಿಗಿಯಾಗಿ ಗಂಟು ಹಾಕಿದೆ.

“ಸರಿಮಾಡೋಗಂಟ ಯಾರೂ ಬಿಚ್ಚಂಗಿಲ್ಲ. ಇಮಾನದ್ ರೂಲ್ಸು.”

“ಏಮೇ, ತಲೆಗಿಲೆ ಕೆಟ್ಟೈತಾ? ಬಿಚ್ಚೇ ಲೌಡಿ!”

“ನೀವೇ ಬಿಚ್ಚಿ. ನಿನ್ನೆಯಿಂದ ನನ್ ಮೈಮೇಲಿದ್ ಲಂಗ. ಎರಡು ಕೈಲೂ ಹಿಡ್ದು ಬಿಚ್ಚಿ.”

ಅವನು ನುಗ್ಗಿ ಬಂದ. ಕೈ ಚಾಚಿದ. ಗಂಟು ಇನ್ನು ಗೇಣು ದೂರ ಇರುವಾಗ ಕೈ ಗಕ್ಕನೆ ನಿಂತಿತು. ಆ ವ್ಯಾನಿನಲ್ಲಿ ಬ್ರೇಕು ಅಷ್ಟು ಚೆನ್ನಾಗಿ ಹಿಡಿದಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಐನೋರ ಕಡೆ ತಿರುಗಿದ. ಅವರು ಆಗಲೇ ಪಂಚೆ ಎತ್ತಿಕೊಂಡು ಹಿಂದೆ ಸರಿದಿದ್ದರು. ಉಳಿದವರೆಲ್ಲ ನಮ್ಮ ಕೇರಿಯವರು.

“ಲೇ ಕದಿರೇಶ, ಬಿಚ್ಚೋ ಅದನ್ನ!”

ಕದಿರೇಶ ಜೇಬಿನಿಂದ ವ್ಯಾನಿನ ಕೀ ತೆಗೆದು ಅವನ ಕಾಲ ಬುಡಕ್ಕೆ ಎಸೆದ.

“ಆರಿಸ್ಕೊಳ್ಳಿ ಸಾರ್.”

ಹೆಂಗಸರು ಒಬ್ಬೊಬ್ಬರಾಗಿ ಬೇವಿನ ಕಟ್ಟೆಗೆ ಹೋಗಿ ಕೂತರು. ಯಾರೋ ಪೂಜೆಗೆ ತಂದಿದ್ದ ಕಡ್ಲೆಪುರಿ ಚೀಲವನ್ನು ಎಳೆದುಕೊಂಡು ಬಂದರು. ಚಂದ್ರಮೋಹನನ ಫೋನು ಬಡಿದುಕೊಂಡಿತು. “ಬಂದ್ರು ಸಾರ್, ದಾರೀಲವ್ರೆ,” ಎಂದು ಇಟ್ಟ. ಮತ್ತೆ ಬಡಿದುಕೊಂಡಿತು. ಕಕ್ಕಸು ತೊಳೆಯದ ವಿಮಾನ ಅಲ್ಲಿ ನಿಂತಿತ್ತು. ಹರಿದುಹಾಕುತ್ತೇನೆ ಅಂದ ಪಾಸುಗಳು ಇನ್ನೂ ರೊಚ್ಚೆಯಲ್ಲೇ ಬಿದ್ದಿದ್ದವು, ಅವನು ಬಗ್ಗಲಿಲ್ಲ.

ಕೊನೆಗೆ ಕಟ್ಟೆಯ ಮುಂದೆ ಬಂದು ನಿಂತ.

“ಶ್ಯಾಮಲಮ್ಮ,” ಅಂದ. ನನಗೊಂದು ಹೆಸರಿರುವುದು ಅವನಿಗೆ ಗೊತ್ತಿತ್ತು ಎಂದು ನನಗೆ ತಿಳಿದದ್ದೇ ಆಗ. “ಬಿಚ್ಚಮ್ಮ. ಬ್ರೇಕು ಮಾಡ್ಸಾಣ.”

ನಾನು ಚಂದನಳ ಮಡಿಲಿಗೆ ಇನ್ನೊಂದು ಹಿಡಿ ಪುರಿ ಹಾಕಿದೆ.

“ದೀಪಾವಳಿ ಕಳೀಲಿ ಸಾರ್, ನೋಡಾಣ.”