ಗುಂಡಿ ಹೋದ ಕೋಟು

ಮುಂದಿನ ಸೀಟಿನವನ ರುಮಾಲಿನ ಮೇಲೆ ಒಂದು ಎಳೆ ಅರಳೆ, ಗಾಳಿ ಬಂದಾಗಲೆಲ್ಲ ಎದ್ದು ನಿಲ್ಲುತ್ತದೆ, ಇನ್ನೇನು ಹಾರಿತು ಅನ್ನುವಷ್ಟರಲ್ಲಿ ಮತ್ತೆ ಮಲಗುತ್ತದೆ, ಕೈ ಚಾಚಿ ಕಿತ್ತುಬಿಡಲೇ ಅಂತ ಬೆನಕಪ್ಪನಿಗೆ ಆಸೆ, ಆದರೆ ಎರಡು ಕೈಯೂ ತೊಡೆಯ ಮೇಲಿನ ಕಟ್ಟಿಗೆ ಅಂಟಿಕೊಂಡಿವೆ, ಹಳೇ ಪೇಪರು ಸುತ್ತಿ ಹುರಿಯಲ್ಲಿ ಬಿಗಿದ ಕಟ್ಟು, ಒಳಗೆ ಗಾಜು, ಶಿಕಾರಿಪುರದ ಸ್ಟ್ಯಾಂಡು ಬಿಟ್ಟಾಗಿನಿಂದ ಕೂಸಿನ ಹಾಗೆ ಹಿಡಿದು ಕೂತಿದ್ದಾನೆ — ಒಡೆದೇ ಹೋಗಲಿ, ಶಿರಾಳಕೊಪ್ಪದ ರಸ್ತೆಯ ಹೊಂಡಗಳು ಊರಿನ ಜನರ ಸೊಂಟವನ್ನೆಲ್ಲ ಮುರಿದಿವೆ, ಇವತ್ತೊಂದು ಗಾಜು ಒಡೆಯಲಾರವೇ, ಒಡೆದರೆ ಬಸ್ಸಿನಲ್ಲಿ ಒಡೆದುಹೋಯಿತಮ್ಮ ಏನು ಮಾಡಲಿ ಅಂತ ಕೈ ಮುಗಿದು ವಾಪಸು ಬರಬಹುದು — ಛೆ, ನಲವತ್ತು ದಾಟಿದ ಡ್ರಾಯಿಂಗ್ ಮೇಷ್ಟ್ರು, ಮಕ್ಕಳಿಗೆ ನೇರ ಗೆರೆ ಎಳೆಯುವುದನ್ನು ಕಲಿಸುವವನು, ಯೋಚನೆ ಮಾತ್ರ ಇಷ್ಟು ಸೊಟ್ಟ. ಜೇಬಿನಲ್ಲಿ ಕಾರ್ಡಿದೆ, ಬಾಯಿಪಾಠವಾಗಿದೆ, ಯಾರ ಕೈಲೋ ಬರೆಸಿದ ಗುಂಡು ಅಕ್ಷರ, ನಮ್ಮ ಮನೆಯವರಾದ ಲೋಕಪ್ಪನವರು ಮಾಘದಲ್ಲಿ ಕೆಮ್ಮಿನಿಂದ ತೀರಿಕೊಂಡರು, ತಾವು ಅವರ ಚಿತ್ರ ಬರೆದದ್ದು ಉಂಟೆಂದು ಬದುಕಿದ್ದಾಗ ಬಹಳ ಸಲ ಹೇಳುತ್ತಿದ್ದರು, ಅವರ ಪೋಟ ನಮ್ಮಲ್ಲಿ ಒಂದೂ ಇಲ್ಲ, ಬರುವ ಅಮಾವಾಸ್ಯೆಗೆ ಹಿರಿಯರ ಹಬ್ಬ, ಮೊದಲ ಎಡೆ, ಮುಂದೆ ಇಡಲು ಆ ಚಿತ್ರ ದಯಮಾಡಿ ಕೊಟ್ಟರೆ ನೋಡಿಕೊಂಡು ಪೂಜೆ ಮಾಡುತ್ತೇವೆ, ಇಂತಿ ಗುತ್ಯಮ್ಮ, ಸೊರಬ. ಇವತ್ತೇ ಅಮಾವಾಸ್ಯೆ. ಆ ಚಿತ್ರ ಇಲ್ಲ, ಅದು ಯಾವತ್ತೂ ಇರಲಿಲ್ಲ.

ಇದ್ದದ್ದು ಬೇರೆ ಆರು ಚಿತ್ರ. ಎರಡು ಬೇಸಿಗೆ ರಜೆಯನ್ನು ದಾವಣಗೆರೆಯ ಹತ್ತಿ ಗಿರಣಿಯ ಕೂಲಿಕಾರರ ಲೈನು ಮನೆಗಳಲ್ಲಿ ಕಳೆದು ಬರೆದದ್ದು, ಒಂದರಲ್ಲಿ ಬೆಳಗಿನ ಸೈರನ್ ಕೂಗಿಗೆ ಗೇಟಿನೊಳಗೆ ನುಗ್ಗುವ ಜನ, ಬರೀ ಬೆನ್ನುಗಳು, ಒಂದರಲ್ಲಿ ಕಸದ ಹತ್ತಿ ಆರಿಸುವ ಹೆಂಗಸರು, ಎಲ್ಲರ ತಲೆಯೂ ಬಗ್ಗಿದೆ, ಒಂದರಲ್ಲಿ ನಲ್ಲಿಯ ಮುಂದೆ ಸಾಲುಗಟ್ಟಿದ ಕೊಡಗಳು, ಚಾ ಅಂಗಡಿಯ ಹೊಗೆಯಲ್ಲಿ ನಾಲ್ಕು ಲೋಟ ನಾಲ್ಕು ಕೈ, ಚಿಮಣಿಯ ಕೆಳಗೆ ಮಲಗಿದ ಊರು, ಮತ್ತೆ ಆರನೆಯದು, ಬೆವರು ಅಂತ ಹೆಸರಿಟ್ಟದ್ದು, ಹತ್ತಿಯ ಅಂಡಿಗೆ ಹೊತ್ತು ಬಗ್ಗಿದ ಒಬ್ಬನೇ ಆಳು, ಬರಿಮೈ, ಮೈಯೆಲ್ಲ ಅರಳೆಯ ಎಳೆ, ಮುಖವಿರಬೇಕಾದಲ್ಲಿ ಅಂಡಿಗೆಯ ನೆರಳು. ಆ ಆಳು ಲೋಕಪ್ಪ. ಮುಖ ಯಾಕಿಲ್ಲ ಅಂತ ಬೆಂಗಳೂರಿನ ಪ್ರದರ್ಶನದಲ್ಲಿ ಒಬ್ಬರು ಕೇಳಿದಾಗ ಬೆನಕಪ್ಪ ಗತ್ತಿನಿಂದ ಉತ್ತರ ಕೊಟ್ಟಿದ್ದ, ಇವನು ಒಬ್ಬ ಕೂಲಿಯಲ್ಲ ಸ್ವಾಮಿ, ಎಲ್ಲಾ ಕೂಲಿಕಾರರೂ ಇವನೇ — ಎಂಥಾ ಮಾತು, ಕೇಳಿದವರು ತಲೆದೂಗಿದರು, ಪತ್ರಿಕೆಯವರು ಬರೆದುಕೊಂಡರು, ಬೆಳ್ಳಿಯ ಲೋಟ ಕೊಟ್ಟರು, ಅದು ಈಗ ಮನೆಯ ಗೂಡಿನಲ್ಲಿ ಕೂತಿದೆ, ಹೆಂಡತಿ ಜಗದಾಂಬ ವಾರಕ್ಕೊಮ್ಮೆ ವಿಭೂತಿ ಹಾಕಿ ತಿಕ್ಕುತ್ತಾಳೆ. ನಿಜ ಏನೆಂದರೆ ಮುಖ ಬರೆಯಲು ಅವನಿಗೆ ಧೈರ್ಯ ಬರಲಿಲ್ಲ, ಮುಖ ಬರೆಯಬೇಕಾದರೆ ಕಣ್ಣಿಟ್ಟು ನೋಡಬೇಕು, ನೋಡಿದರೆ ಅವರೂ ನೋಡುತ್ತಾರೆ, ಬೆನ್ನು ಹಾಗೆ ತಿರುಗಿ ನೋಡುವುದಿಲ್ಲ. ಲೋಕಪ್ಪನ ಒಂದೇ ಕೋಣೆಯಲ್ಲಿ ಇಪ್ಪತ್ತು ದಿನ ಇದ್ದ, ನಮ್ಮ ಸೀಮೆಯೋರು ಅಂದ್ರೆ ನಮ್ಮೋರೇ ಬಿಡಿ ಮೇಷ್ಟ್ರೇ ಅಂತ ಲೋಕಪ್ಪ ಚಾಪೆ ಕೊಟ್ಟು ತಾನು ಬರಿ ನೆಲದಲ್ಲಿ ಮಲಗಿದ, ಕುರಿ ಬಿಟ್ಟು ಬಂದೆ ನೋಡ್ರಿ, ಉಣ್ಣೆ ಮಾತ್ರ ನನ್ನ ಬಿಡಲಿಲ್ಲ ಅಂತ ಹುಬ್ಬಿನ ಅರಳೆ ಕಿತ್ತು ನಗುತ್ತಿದ್ದ, ಮೂರು ಹೊತ್ತೂ ಅಡಿಗೆ ಅವನೇ ಮಾಡಿಕೊಳ್ಳುತ್ತಿದ್ದ, ಬೆನಕಪ್ಪ ಮಾತ್ರ ಊಟಕ್ಕೆ ಲಿಂಗಾಯತರ ಖಾನಾವಳಿಗೆ ಹೋಗುತ್ತಿದ್ದ, ನಾನು ಮಾಡಿದ್ದು ನೀವು ಉಣ್ತೀರೋ ಇಲ್ವೋ ಅಂತ ಕೇಳ್ಲಿಲ್ಲ ಮೇಷ್ಟ್ರೇ, ಬೇಜಾರಿಲ್ಲ — ಅವನೇ ಸಮಾಧಾನ ಹೇಳಿದ್ದ, ತಪ್ಪು ಮಾಡಿದವನಿಗೆ ತಾನೇ ಸಮಾಧಾನ. ಕೂಲಿಕಾರರ ಬದುಕನ್ನು ಬಣ್ಣದಲ್ಲಿ ಹಿಡಿದವರು ಅಂತ ಪತ್ರಿಕೆಯಲ್ಲಿ ಬಂತು. ಅವರ ರೊಟ್ಟಿಯ ಒಂದು ಚೂರನ್ನೂ ಅವನು ಬಾಯಿಗೆ ಹಾಕಿರಲಿಲ್ಲ.

ಉಡುತಡಿಯ ಕಡೆಯವರು ಯಾರೋ ಇಳಿದರು, ಬಸ್ಸು ಮತ್ತೆ ಕುಲುಕಿತು, ರುಮಾಲಿನ ಅರಳೆ ಇನ್ನೂ ಅಲ್ಲೇ ಇದೆ, ರುಮಾಲು ಬಿಳಿ — ಅವತ್ತು ಲೋಕಪ್ಪನೂ ಬಿಳಿ ರುಮಾಲು ಸುತ್ತಿದ್ದ, ವಾರದ ರಜೆ, ನಾಳೆ ನಿನ್ನ ಚಿತ್ರ ಬರೀತೀನಿ ಕಣಯ್ಯಾ ಅಂತ ಹಿಂದಿನ ದಿನ ಅಂದದ್ದೇ ತಪ್ಪಾಯಿತು, ಬೆಳಗ್ಗೆ ಏಳುವಷ್ಟರಲ್ಲಿ ಅವನು ಹೋಗಿ ಕ್ಷೌರ ಮಾಡಿಸಿಕೊಂಡು, ತಲೆಗೆ ಮಿಂದು, ಹಣೆಗೆ ಭಂಡಾರ ಹಚ್ಚಿ, ಪಕ್ಕದ ಕೋಣೆಯ ರಾಜಪ್ಪನ ಕರೀ ಕೋಟು ತಂದು ತೊಟ್ಟು ಗೋಡೆಗೆ ಬೆನ್ನು ತಾಗದಂತೆ ಸ್ಟೂಲಿನ ಮೇಲೆ ಕೂತಿದ್ದಾನೆ, ಮದುವೆ ಗಂಡಿನ ಹಾಗೆ. ಬೆನಕಪ್ಪನಿಗೆ ಒಳಗೇ ಸಿಡಿಮಿಡಿ, ಇದನ್ನು ಬರೆಯುವುದಕ್ಕೆ ನಾನು ಇಷ್ಟು ದೂರ ಬರಬೇಕಿತ್ತೇ, ನನಗೆ ಬೇಕಾದ್ದು ಆ ಅರಳೆ ಮೆತ್ತಿದ ಬೆನ್ನು, ಈ ಕೋಟಲ್ಲ, ಆದರೂ ಹಲಗೆ ತೊಡೆಯ ಮೇಲಿಟ್ಟು ಪೆನ್ಸಿಲು ಆಡಿಸಿದ, ಒಂದು ಗಂಟೆ ಹೊತ್ತು ಬರೆದದ್ದು ಮೂಲೆಯ ನೀರಿನ ಮಡಕೆಯನ್ನು, ಮೊಳೆಗೆ ನೇತುಹಾಕಿದ ಚೀಲವನ್ನು, ಕಿಟಕಿಯ ಸರಳುಗಳನ್ನು, ಎದುರಿಗೆ ಮನುಷ್ಯ ಉಸಿರು ಬಿಗಿಹಿಡಿದು ಕೂತಿದ್ದಾನೆ, ಕೆಮ್ಮು ಬಂದರೆ ನುಂಗುತ್ತಾನೆ, ಚಿತ್ರ ಕೆಟ್ಟೀತು ಅಂತ. ಅವನ ಬಲಗೈ ಎದೆಯ ಮೇಲೆ, ಅಂಗೈ ಅಗಲಿಸಿ ಒತ್ತಿಕೊಂಡದ್ದು, ಎಷ್ಟು ಹೊತ್ತಾದರೂ ಅಲ್ಲಿಂದ ಇಳಿಯುವುದಿಲ್ಲ. ಕೈ ಇಳಿಸಪ್ಪಾ ಲೋಕಪ್ಪ, ನಾಟಕದ ರಾಜನ ಥರ ಯಾಕೆ ಇಟ್ಕೊಂಡಿದ್ದೀಯ, ಅಂದ. ಇಳಿಸಿದ. ಮಡಕೆಯ ಕಂಠದ ಗೆರೆ ಮುಗಿಸಿ ತಲೆಯೆತ್ತುವಷ್ಟರಲ್ಲಿ ಕೈ ಮತ್ತೆ ಎದೆಗೆ ಹೋಗಿತ್ತು. ಆಗ ಕಂಡಿತು, ಕೋಟಿನ ನಡುವಿನ ಗುಂಡಿ ಇಲ್ಲ, ಕಿತ್ತುಹೋದ ಜಾಗದಲ್ಲಿ ದಾರದ ತುದಿ, ಅದನ್ನು ಮುಚ್ಚಿಕೊಂಡಿದ್ದಾನೆ. ಕಂಡೂ ಬೆನಕಪ್ಪ ಮತ್ತೆ ಹಲಗೆಗೆ ಬಗ್ಗಿದ, ಗುಂಡಿ ನಾನು ಬರೆದು ಸೇರಿಸ್ತೀನಿ ಬಿಡಯ್ಯಾ ಅನ್ನಬಹುದಿತ್ತು, ಒಂದೇ ಮಾತು. ಆಮೇಲೆ ತೋರಿಸ್ರಿ ಮೇಷ್ಟ್ರೇ ಅಂದಾಗ, ಇನ್ನೂ ಬಣ್ಣ ಹಾಕಬೇಕು, ಆಮೇಲೆ ನೋಡೋಣ, ಅಂದು ಹಾಳೆ ಮಗುಚಿಬಿಟ್ಟ. ಆಗಲಿ ಬಿಡಿ, ನೀವು ಬರೆದ್ರಲ್ಲ ಅಷ್ಟು ಸಾಕು, ಅಂದು ಲೋಕಪ್ಪ ಕೋಟು ಮಡಚಿ ರಾಜಪ್ಪನಿಗೆ ವಾಪಸು ಕೊಡಲು ಹೋದ.

ಕಾರ್ಡು ಬಂದಮೇಲೆ ಹತ್ತು ದಿನ ಶಾಲೆಯ ಗಂಟೆ ಹೊಡೆದ ಮೇಲೂ ಡ್ರಾಯಿಂಗ್ ರೂಮಿನಲ್ಲಿ ಕೂತ, ನೆನಪಿನಿಂದಲೇ ಲೋಕಪ್ಪನನ್ನು ಬರೆಯಲು. ರುಮಾಲು ಬಂತು, ಸುತ್ತಿನ ಮೇಲೆ ಸುತ್ತು ಸರಿಯಾಗಿ ಬಂತು, ಕೋಟು ಬಂತು, ಎದೆಯ ಮೇಲಿನ ಕೈ ತಾನಾಗಿಯೇ ಬಂತು, ಉಗುರಿನ ಅಂಚಿನ ಕಪ್ಪು ಸಮೇತ, ಮುಖ ಬರಲಿಲ್ಲ — ಇಪ್ಪತ್ತು ದಿನ ಜೊತೆಗಿದ್ದವನ ಮುಖ, ಕಣ್ಣು ಮುಚ್ಚಿದರೆ ಬೆನ್ನು ಕಾಣುತ್ತದೆ, ಬೆನ್ನಿನ ಎಲುಬು ಎಣಿಸಿ ಹೇಳಬಲ್ಲ, ಮೂಗು ಮೊಂಡೋ ನೀಳವೋ ಹೇಳಲಾರ, ಮೀಸೆ ಇತ್ತೇ, ಇತ್ತು, ಎಂಥದ್ದು. ಕಡೆಗೆ ಏನೋ ಒಂದು ಮುಖ ಇಳಿಯಿತು, ಚೆನ್ನಾಗಿಯೇ ಇಳಿಯಿತು, ತುಂಬಿದ ಕೆನ್ನೆ, ಶಾಂತ ಕಣ್ಣು, ಚೌಕಟ್ಟು ಹಾಕಿಸಲು ಕೆಂಪಪ್ಪನ ಅಂಗಡಿಗೆ ಒಯ್ದರೆ ಅವನು ಗಾಜು ಒರೆಸುತ್ತ, ಏನ್ರೀ ಮೇಷ್ಟ್ರೇ, ನಿಮ್ಮ ಸಾಲಿ ಜವಾನ ಕಲ್ಲಪ್ಪಗ ಕೋಟು ಹಾಕ್ಸೀರಲ್ರೀ, ಅಂದ. ಬೆನಕಪ್ಪ ನಕ್ಕ, ನಕ್ಕದ್ದು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ದಿನಾ ಬೆಳಗ್ಗೆ ಕಾಣುವ ಮುಖ, ಕೈಗೆ ಅದೇ ಅಭ್ಯಾಸ. ಬೇರೆ ಬರೆಯಲು ದಿನ ಉಳಿದಿರಲಿಲ್ಲ, ಉಳಿದಿದ್ದರೂ ಇನ್ಯಾರದೋ ಮುಖವೇ ಬರುತ್ತಿತ್ತು. ಸತ್ತು ಏಳೆಂಟು ತಿಂಗಳು, ದುಃಖದಲ್ಲಿರುವ ಹೆಂಗಸು, ರುಮಾಲು ಕೋಟು ನೋಡಿ ಗಂಡ ಅಂದುಕೊಂಡಾಳು — ಹೀಗೆ ಲೆಕ್ಕ ಹಾಕಿಯೇ ಬಸ್ಸು ಹತ್ತಿದ್ದು, ಸುಳ್ಳೇಕೆ, ಈ ಲೆಕ್ಕ ಹಾಕಿಯೇ ಹತ್ತಿದ್ದು. ಸೊರಬ, ಸೊರಬ, ಇಳೀರಿ ಸೊರಬ, ಅಂತ ಕಂಡಕ್ಟರು ಬಾಗಿಲು ಬಡಿಯುತ್ತಾನೆ, ಗಾಜು ಒಡೆದಿಲ್ಲ.

ಸ್ಟ್ಯಾಂಡಿನ ಹಿಂದಿನ ಓಣಿ, ಕಂಬಳಿ ಒಣಹಾಕಿದ ಕಟ್ಟೆ, ಸಾರಿಸಿದ ಅಂಗಳ, ಒಳಗೆ ಹೊಸ ಪಂಚೆ ಹೊಸ ಟವೆಲ್ಲು ಮಣೆಯ ಮೇಲೆ ಮಡಚಿಟ್ಟು ಎಡೆ ಬಡಿಸಿಟ್ಟಿದ್ದಾರೆ, ಗೋಡೆಯಲ್ಲಿ ಆಗಲೇ ಮೊಳೆ ಹೊಡೆದಿದೆ. ಬರ್ರಿ ಮೇಷ್ಟ್ರೇ, ನಿಮ್ಮ ದಾರೀನೇ ಕಾಯ್ತಿದ್ವಿ, ಅನ್ನುತ್ತ ಗುತ್ಯಮ್ಮ ಸೆರಗಿಗೆ ಕೈ ಒರೆಸಿಕೊಂಡು ಕಟ್ಟು ತೆಗೆದುಕೊಳ್ಳುತ್ತಾಳೆ, ಹುರಿ ಬಿಚ್ಚುತ್ತಾಳೆ, ಪೇಪರು ಹರಿಯದ ಹಾಗೆ ಬಿಡಿಸುತ್ತಾಳೆ, ನೋಡುತ್ತಾಳೆ. ನೋಡುತ್ತಲೇ ಇದ್ದಾಳೆ. ಗೋಡೆಯ ಮಗ್ಗುಲಲ್ಲಿ ಲೋಕಪ್ಪನ ತಾಯಿ ಮಾಳಮ್ಮ, ಎರಡೂ ಕಣ್ಣಿಗೆ ಪೊರೆ, ಬಂತೇನೇ ಗುತ್ಯವ್ವ ನನ್ನ ಮಗನ ಪೋಟ, ಮುಖ ಹೆಂಗ್ ಬಂದೈತೆ, ಅನ್ನುತ್ತಾಳೆ. ಈಗ ಹೇಳಬೇಕು, ಹೇಳು ಬೆನಕಪ್ಪ, ಅಷ್ಟರಲ್ಲಿ ಗುತ್ಯಮ್ಮ ಅವನ ಕಡೆ ಒಮ್ಮೆ ನೋಡಿ, ಚೆನ್ನಾಗ್ ಬಂದೈತತ್ತೇ, ಅನ್ನುತ್ತಾಳೆ. ಮುದುಕಿ ಗಾಜಿನ ಮೇಲೆ ಬೆರಳಾಡಿಸುತ್ತಾಳೆ, ಕಲ್ಲಪ್ಪನ ಕೆನ್ನೆಯ ಮೇಲೆ, ಬಡವಾಗಿದ್ನೇನೇ ಅಂದರೆ ಸೊಸೆ, ಇಲ್ಲತ್ತೇ ಮುಖ ತುಂಬ್ಕಂಡಿದ್ರು ಆಗ — ಆ ಹೆಂಗಸು ಅವನ ಸುಳ್ಳನ್ನು ತಾನು ಹೊತ್ತುಕೊಂಡಳು, ಅವನು ಹೊರಿಸಿದ. ಮೊಳೆಗೆ ಪಟ ತಗುಲಿಸಿ ಈಚೆ ಬಂದು, ಬಾಗಿಲ ಹತ್ತಿರ, ಅತ್ತೆಗೆ ಕೇಳಿಸದ ಹಾಗೆ, ಮುಖ ನಮ್ಮೋರ್ದಲ್ಲ ಮೇಷ್ಟ್ರೇ, ಅಂದಳು, ಸಿಟ್ಟಿಲ್ಲ, ಸಿಟ್ಟು ಮಾಡಿದ್ದರೆ ಬದುಕಿಕೊಳ್ಳುತ್ತಿದ್ದ, ತಲೆ ತಗ್ಗಿಸಿ, ಹೌದಮ್ಮ, ಅಂದ. ಕೈ ಅವ್ರದ್ದೇ, ಕೋಟಿನ ಗುಂಡಿ ಹೋಗಿತ್ತಾ? ಹೋಗಿತ್ತಮ್ಮ. ನಮ್ಮ ಮದ್ವೇಲೂ ಅಂಗಿ ಗುಂಡಿ ಹೋಗಿ ಹಿಂಗೇ ಮುಚ್ಕಂಡ್ ನಿಂತಿದ್ರು, ಕೈ ತೆಗೀರಿ ಅಂದ್ರೆ ತೆಗೀತಿದ್ರು, ಮತ್ತೆ ಅಲ್ಲಿಗೇ ಹೋಗದು. ಎಲೆ ಹಾಕೀನಿ, ಉಂಡ್ಕಂಡು ಹೋಗ್ರಿ, ಅಂದು ಒಳಗೆ ಹೋದಳು, ಉಣ್ಣುತ್ತೀರೋ ಇಲ್ಲವೋ ಅಂತ ಅವಳೂ ಕೇಳಲಿಲ್ಲ, ಅವನು ಕೂತ, ಮುಂದೆ ಎಲೆ, ಎಲೆಯ ಮೇಲೆ ಅನ್ನ, ತುತ್ತು ಕಲಸಿದ, ಎತ್ತಲಾರ, ಗುತ್ಯಮ್ಮ ಕುಂಕುಮದ ಬಟ್ಟಲು ಹಿಡಿದು ಪಟದ ಮುಂದೆ ನಿಂತಳು, ಹಣೆಗೆ ಇಡುತ್ತಾಳೆ ಅಂದುಕೊಂಡ, ಬೆರಳು ಹಣೆಯ ಹತ್ತಿರ ಹೋಗಿ ನಿಂತಿತು, ಕೆಳಗಿಳಿಯಿತು, ಕೈಗೆ ಇಟ್ಟಳು, ಎದೆಯ ಮೇಲಿನ ಆ ಕೈಗೆ, ಹೂವನ್ನೂ ಅಲ್ಲಿಗೇ ತಾಗಿಸಿದಳು — ಕೈ ಇಳಿಸಪ್ಪಾ ಲೋಕಪ್ಪ ಅಂದಿದ್ದ, ಇಳಿಸಿದ, ಮಡಕೆಯ ಕಂಠದ ಗೆರೆ, ತಲೆಯೆತ್ತಿದರೆ ಕೈ ಮತ್ತೆ ಎದೆಯ ಮೇಲೆ, ಇಳಿಸಪ್ಪಾ, ಇಳಿಸಿದ, ಮತ್ತೆ ಎದೆಯ ಮೇಲೆ, ಅಗಲಿಸಿದ ಅಂಗೈ, ಅದರ ಅಡಿಯಲ್ಲಿ ಗುಂಡಿ ಹೋದ ಜಾಗ, ದಾರದ ತುದಿ.