ತೋಳಿಲ್ಲದ ಖಣ

ನಾನು ಒಂದು ಬಸ್ಟಿಯರ್. ಹೆಸರು ಕೇಳಿ ಮೂಗು ಮುರಿಯಬೇಡಿ! ಎದೆಯಿಂದ ಸೊಂಟದವರೆಗೆ ಮೈಗೆ ಹೊಂದಿ ಕೂರುವ, ಒಳಗೆ ಸಣ್ಣ ಕಡ್ಡಿಗಳಿರುವ, ತೋಳಿಲ್ಲದ ಉಡುಪು ನಾನು. ಬೇಕಾದರೆ ಒಳಗೆ ತೊಡಿ, ಬೇಕಾದರೆ ಹೊರಗೆ. ಸೊಂಟ ಹಿಂಡಿ ಉಸಿರು ಕಟ್ಟಿಸುವ ಕಾರ್ಸೆಟ್ ಎಂಬಾಕೆ ಬೇರೆ. ನಮ್ಮಿಬ್ಬರನ್ನೂ ಒಂದೇ ಎಂದವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನು ಹಿಂಡುವವಳಲ್ಲ, ಹಿಡಿದು ನಿಲ್ಲಿಸುವವಳು.

ಮೊದಲು ನಾನು ಗುಳೇದಗುಡ್ಡದ ಮಗ್ಗದಲ್ಲಿ ಹುಟ್ಟಿದ ಖಣವಾಗಿದ್ದೆ. ಕಡುಗೆಂಪು ಮೈ, ಹಸಿರು ಅಂಚು, ಒಂದು ಕುಪ್ಪಸಕ್ಕೆ ಸಾಲುವಷ್ಟು ಬಟ್ಟೆ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಉಡಿ ತುಂಬುವಾಗ ಖಣ ಇಡುತ್ತಾರೆ. ಇಸಿದುಕೊಂಡವರು ಹೊಲಿಸಿಕೊಳ್ಳುತ್ತಾರೆಯೇ? ಎಲ್ಲಿಯ ಮಾತು! ಟ್ರಂಕಿನಲ್ಲಿಟ್ಟು ಮುಂದೊಂದು ದಿನ ಬೇರೆಯವರ ಉಡಿಗೆ ಹಾಕುತ್ತಾರೆ. ಉಡಿಯಿಂದ ಉಡಿಗೆ ತಿರುಗಿ ನನಗೆ ಸಾಕೋ ಸಾಕಾಗಿತ್ತು. ಕೊನೆಗೆ ಧಾರವಾಡದ ಚನ್ನವ್ವನ ಉಡಿ ಸೇರಿದೆ. ಅವಳು ಮಾತ್ರ ನನ್ನನ್ನು ಯಾರಿಗೂ ದಾಟಿಸದೆ, ಸಣ್ಣ ಮಗಳು ಶಾಂಭವಿಗೆಂದು ಎತ್ತಿಟ್ಟಳು.

ಶಾಂಭವಿ ಕುಸ್ತಿಪಟು. ಅವಳ ಹೆಗಲು ನೋಡಬೇಕು ನೀವು! ಆದರೆ ನೋಡಲು ಅವ್ವ ಬಿಡಬೇಕಲ್ಲ. ಮನೆಗೆ ಯಾರೇ ಬರಲಿ, ಚನ್ನವ್ವ ಓಡಿ ಬಂದು ಮಗಳ ಹೆಗಲಿಗೆ ಟವೆಲ್ ಹೊದಿಸುತ್ತಿದ್ದಳು. ಜನ ಏನಂದಾರು ಎಂಬ ಭಯ ಅವಳಿಗೆ. ಶಾಂಭವಿಯೂ ಸುಮ್ಮನೆ ಹೊದ್ದುಕೊಳ್ಳುತ್ತಿದ್ದಳು. ಒಳಗೊಳಗೇ ಅವಳಿಗೆ ಅದು ನೋಯುತ್ತಿತ್ತು.

ಅಷ್ಟರಲ್ಲಿ ಅಕ್ಕ ಉಮಾಳ ಮದುವೆ ಗೊತ್ತಾಯಿತು. ಮದುಮಗಳ ಪಕ್ಕದಲ್ಲಿ ಕಳಸ ಹಿಡಿದು ನಿಲ್ಲುವ ಕಳಸಗಿತ್ತಿ ತಂಗಿಯೇ ಆಗಬೇಕು. ಸೀರೆ ಉಡಬೇಕು, ಕುಪ್ಪಸ ತೊಡಬೇಕು. ತಂದ ಕುಪ್ಪಸಗಳೆಲ್ಲ ಅವಳು ಕೈ ಎತ್ತುತ್ತಿದ್ದಂತೆ ಪರ್ ಎಂದು ಹರಿದವು.

"ಯವ್ವಾ, ನಾ ಕಳಸಗಿತ್ತಿ ಆಗೂದಿಲ್ಲ. ಮಂದಿ ಮುಂದ ಹರದ್ರ ಏನ್ ಮಾಡ್ಲಿ? ಬ್ಯಾರೆ ಯಾರಿಗರ ಹೇಳ್ರಿ," ಎಂದಳು ಶಾಂಭವಿ.

"ನೀ ಕಳಸ ಹಿಡೀದಿದ್ರ ನಾ ಮಂಟಪಕ್ಕ ಬರೂದಿಲ್ಲ ನೋಡು!" ಎಂದು ಉಮಾ ಅಳುವುದಕ್ಕೇ ಶುರುಮಾಡಿದಳು.

ಆಗ ನನ್ನನ್ನು ಟ್ರಂಕಿನಿಂದ ತೆಗೆದರು! ನನ್ನ ಎದೆ ಡವಡವ. ಓಣಿಯ ಟೇಲರ್ ಕಸ್ತೂರಕ್ಕ ನನ್ನನ್ನು ಶಾಂಭವಿಯ ಬೆನ್ನಿಗೆ ಹಿಡಿದಳು, ಎದೆಗೆ ಹಿಡಿದಳು, ತಲೆ ಕೆರೆದುಕೊಂಡಳು. ಬಟ್ಟೆ ಸಾಲದು. ಮತ್ತೆ ಟ್ರಂಕಿಗೆ ಹೋಗುವುದೇ ನನ್ನ ಹಣೆಬರಹ ಎಂದುಕೊಂಡೆ. ಅಷ್ಟರಲ್ಲಿ ಕಸ್ತೂರಕ್ಕ ಕೈ ತಟ್ಟಿದಳು.

"ತೋಳಿಗೆ ಬಟ್ಟಿ ಸಾಲವಲ್ದು. ಹಂಗಾರ ತೋಳ ಬ್ಯಾಡ!"

ಎದೆಯ ಕೆಳಗೆ, ಪಕ್ಕೆಲುಬಿನ ಸುತ್ತ ಟೇಪು ಹಿಡಿದು ಅಳತೆ ತೆಗೆದಳು. ನನ್ನ ಭಾರ ಹೊರುವುದೇ ಆ ಜಾಗ. ಅಲ್ಲಿ ಸಡಿಲಾದರೆ ನಾನು ಜಾರುತ್ತೇನೆ, ಬಿಗಿಯಾದರೆ ಉಸಿರಿಗೆ ಕುತ್ತು. ಒಳಗೆ ಹತ್ತಿಯ ಅಸ್ತರ, ಹೊಲಿಗೆಯುದ್ದಕ್ಕೂ ಕಡ್ಡಿ, ಹಿಂದೆ ಹುಕ್ಕು. ಕತ್ತರಿ ಮೈಮೇಲೆ ಓಡಿದಾಗ ಹೆದರಿದ್ದು ನಿಜ. ಆದರೆ ಹೊಲಿದು ಮುಗಿದಾಗ, ಅಬ್ಬಬ್ಬಾ, ಇದು ನಾನೇನಾ ಎನಿಸಿತು.

"ಕುಂಡ್ರು. ಬಗ್ಗು. ಕೈ ಮ್ಯಾಲೆತ್ತು," ಎಂದಳು ಕಸ್ತೂರಕ್ಕ. ಶಾಂಭವಿ ಅಷ್ಟಕ್ಕೆ ನಿಲ್ಲದೆ ಅಂಗಡಿಯಲ್ಲೇ ಬಸ್ಕಿ ಹೊಡೆಯತೊಡಗಿದಳು! ನಾನು ಜಾರಲಿಲ್ಲ, ಚುಚ್ಚಲಿಲ್ಲ, ಪಟ್ಟಾಗಿ ಕೂತೆ. ಕನ್ನಡಿಯಲ್ಲಿ ತನ್ನ ಹೆಗಲನ್ನು ನೋಡಿಕೊಂಡು ಅವಳು ನಕ್ಕಳು. ಆ ನಗು ಕಂಡು ನನಗೆ ಕುಣಿಯುವಂತಾಯಿತು.

ಚನ್ನವ್ವ ಮಾತ್ರ ಹೌಹಾರಿದಳು. "ತೋಳಿಲ್ಲ, ಹೆಗಲಿಲ್ಲ, ಇದೇನ್ ಕುಪ್ಪಸೇನ? ಒಳಗ ಹಾಕ್ಕೊಳ್ಳೂದಿದು!"

"ಒಳಗ ಹಾಕ್ಕೊಂಡ್ರ ಒಳಗಿಂದು, ಹೊರಗ ಹಾಕ್ಕೊಂಡ್ರ ಹೊರಗಿಂದು. ತೆಳು ಬಟ್ಟಿದಾದ್ರ ಒಳಗ ಇರ್ಲಿ ಅಂತಿದ್ನಿ. ಇದು ಖಣರೀ ಚನ್ನವ್ವಾರ. ಇದನ್ನ ಯಾರರ ಮುಚ್ಚಿಡ್ತಾರೇನ್ರಿ? ಮ್ಯಾಲೆ ಸೆರಗು ಇದ್ದ ಇರ್ತೈತಿ," ಎಂದಳು ಕಸ್ತೂರಕ್ಕ.

ಚನ್ನವ್ವ ಹೂಂ ಎಂದಳು. ಮನಸ್ಸು ಮಾತ್ರ ಒಪ್ಪಿರಲಿಲ್ಲ. ಮದುವೆಯ ಹಿಂದಿನ ಸಂಜೆ, ಹೊಸ ಒಳಬಟ್ಟೆಯನ್ನು ತೊಳೆಯದೆ ಹಾಕಿಕೊಳ್ಳಬಾರದೆಂದು ನನ್ನನ್ನು ನೀರಲ್ಲಿ ಅದ್ದಿಬಿಟ್ಟಳು. ಆಮೇಲೆ ಮಾಡಿದ್ದು ಕೇಳಿ! ಹಿತ್ತಲ ತಂತಿಗೆ ನನ್ನನ್ನು ಹಾಕಿ, ಯಾರಿಗೂ ಕಾಣದ ಹಾಗೆ ಮೇಲೆ ತನ್ನ ಒದ್ದೆ ಸೀರೆ ಹರವಿದಳು. ಹೆಂಗಸರ ಒಳಬಟ್ಟೆಗಳೆಲ್ಲ ಆ ಮನೆಯಲ್ಲಿ ಒಣಗುತ್ತಿದ್ದದ್ದೇ ಹಾಗೆ. ಗಾಳಿಯಿಲ್ಲ, ಬೆಳಕಿಲ್ಲ, ಮೇಲಿಂದ ಸೀರೆಯ ನೀರು ತೊಟತೊಟ. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಬೆಳಿಗ್ಗೆ ಶಾಂಭವಿ ನನ್ನನ್ನು ಮುಟ್ಟಿ ನೋಡಿದಳು. ಅಸ್ತರವೆಲ್ಲ ಒದ್ದೆ ತೊಪ್ಪೆ! ಮೂಲೆಯ ಟವೆಲ್ ಎತ್ತಿ ತಾನಾಗಿಯೇ ಹೆಗಲಿಗೆ ಹೊದ್ದುಕೊಂಡಳು.

"ಇರ್ಲಿ ಬಿಡವ್ವ. ನಾ ಹಿಂದ ನಿಲ್ತೀನಿ," ಎಂದಳು.

ಚನ್ನವ್ವ ಆ ಟವೆಲನ್ನೇ ನೋಡುತ್ತ ನಿಂತಳು. ಎಷ್ಟು ವರ್ಷ ತಾನೇ ಹೊದಿಸಿದ ಟವೆಲ್ ಅದು. ಅವಳ ಕಣ್ಣು ತುಂಬಿ ಬಂತು. ತಟ್ಟನೆ ನನ್ನನ್ನು ಕಸಿದುಕೊಂಡು ಅಂಗಳಕ್ಕೆ ಓಡಿದಳು. ಹಿತ್ತಲಿನಲ್ಲಿ ಇನ್ನೂ ನೆರಳು, ಬಿಸಿಲು ಬಿದ್ದದ್ದು ಮನೆಯ ಮುಂದೆ ಮಾತ್ರ. ಅಲ್ಲಿ ಬೀಗರು ಆಗಷ್ಟೇ ಟೆಂಪೋದಿಂದ ಇಳಿಯುತ್ತಿದ್ದರು! ನಾನು ಉಸಿರು ಬಿಗಿಹಿಡಿದೆ. ಚನ್ನವ್ವ ಸೆರಗು ಸಿಕ್ಕಿಸಿ, ನನ್ನನ್ನು ಝಾಡಿಸಿ, ಹಂದರದ ಕಂಬಕ್ಕೆ ಕಟ್ಟಿದ ಹಗ್ಗದ ಮೇಲೆ ಎಲ್ಲರ ಎದುರಿಗೆ ಹರವಿಬಿಟ್ಟಳು.

ಬಿಸಿಲು! ಗಾಳಿ! ನನ್ನ ಕೆಂಪು ಧಗಧಗ ಹೊಳೆಯಿತು.

ಬೀಗಿತಿ ಹತ್ತಿರ ಬಂದು ನನ್ನ ಅಂಚು ಸವರಿದಳು. "ಅಯ್ಯ, ಎಷ್ಟ್ ಚಂದ ಖಣರೀ! ಯಾರದ್ರಿ ಇದು?"

"ನನ್ನ ಸಣ್ಣ ಮಗಳದ್ರೀ," ಎಂದಳು ಚನ್ನವ್ವ. ಆಮೇಲೆ ಇಡೀ ಓಣಿಗೆ ಕೇಳುವ ಹಾಗೆ ಹೇಳಿದಳು: "ಆಕಿ ಕುಸ್ತಿ ಆಡ್ತಾಳ್ರೀ!"

ಮುಹೂರ್ತದ ಹೊತ್ತಿಗೆ ನಾನು ಗರಿಗರಿ ಒಣಗಿದ್ದೆ. ಶಾಂಭವಿ ಕಳಸ ಹಿಡಿದು ಅಕ್ಕನ ಪಕ್ಕದಲ್ಲಿ ನೆಟ್ಟಗೆ ನಿಂತಳು. ಉಮಾ ಅಕ್ಷತೆಯ ನಡುವೆಯೂ ಅವಳ ಕಡೆಗೇ ನೋಡಿ ನಗುತ್ತಿದ್ದಳು.

ಆಮೇಲೆ ನನ್ನ ಓಡಾಟ ಕೇಳಬೇಡಿ! ಗರಡಿಯಲ್ಲಿ ಶಾಂಭವಿಯ ಅಳತೆಯ ಹುಡುಗಿಯರೆಲ್ಲ ನನ್ನನ್ನು ಕೇಳಿಕೊಂಡು ಬಂದರು. ಒಬ್ಬಳು ಬಿಳಿ ಅಂಗಿಯ ಮೇಲೆ ತೊಟ್ಟಳು, ಒಬ್ಬಳು ಲೆಹೆಂಗಾಕ್ಕೆ ಜೋಡಿ ಮಾಡಿದಳು. ನಾಚಿಕೆಯ ಹುಡುಗಿಯೊಬ್ಬಳು ತನ್ನ ಗೌನಿನ ಒಳಗೆ ತೊಟ್ಟು, ನಾನಿರುವುದು ಯಾರಿಗೂ ಗೊತ್ತಾಗದಂತೆ ಬೆನ್ನು ನೆಟ್ಟಗೆ ಮಾಡಿಕೊಂಡು ನಡೆದಳು. ನನಗೇನೂ ಬೇಸರವಾಗಲಿಲ್ಲ. ಅದು ಅವಳೇ ಆರಿಸಿಕೊಂಡದ್ದು.

ಈಗ ನನಗೆ ವಯಸ್ಸಾಗಿದೆ. ಹುಕ್ಕುಗಳಿಗೆ ತುಕ್ಕು, ಒಂದು ಕಡ್ಡಿ ಮುರಿದಿದೆ. ಯಾರೂ ತೊಡುವುದಿಲ್ಲ, ಶಾಂಭವಿಯ ಪದಕಗಳ ಜೊತೆ ಬೀರುವಿನಲ್ಲಿರುತ್ತೇನೆ. ವರ್ಷಕ್ಕೊಮ್ಮೆ ಬೀರು ತೆಗೆದಾಗ, ಬೆನ್ನು ಬಾಗಿದ ಚನ್ನವ್ವ ನನ್ನನ್ನು ಬಿಸಿಲಿಗೆ ಹಾಕುತ್ತಾಳೆ. ಹಿತ್ತಲಿಗೆ ಹೋಗುವುದಿಲ್ಲ. ಮುಂಬಾಗಿಲ ಹಗ್ಗಕ್ಕೇ ಹಾಕುತ್ತಾಳೆ, ಮೇಲೆ ಏನನ್ನೂ ಮುಚ್ಚುವುದಿಲ್ಲ. ಆಮೇಲೆ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತು, ಯಾರಾದರೂ ಬಂದು ಇದು ಯಾರದ್ದೆಂದು ಕೇಳಲಿ ಎಂದು ಕಾಯುತ್ತಾಳೆ.